ಗಿರಣಿ ನಿಂತ ರಾತ್ರಿ

ಇಪ್ಪತ್ತೊಂದನೇ ದಿನಕ್ಕ ಕೂಸು ಎತಗೊಂಡು ಇಲ್ಲಿಗೆ ಬಂದೆ.
ಕಪನೂರಿನ ಬ್ಯಾಳಿ ಗಿರಣಿಗಳ ಹಿಂದ ಎರಡಂತಸ್ತಿನ ಮನಿ,
ಬಾಗಲದಾಗ ಒಂದು ಬೇವು,
ಎಲಿಎಲಿಗೂ ತೊಗರಿ ಹೊಟ್ಟಿನ ಧೂಳು.

ಪದ್ಮಿನಿಬಾಯಿ ರಜಿಸ್ಟರ್ ತಗದರು.
ಹೆಸರು? ನೀಲಗಂಗಾ.
ವಯಸ್ಸು? ಇಪ್ಪತ್ತು ನಡದದ.
ಕೂಸಿನ ತಂದಿ?
ನಾ ಫ್ಯಾನಿನ ಕಡಿ ನೋಡಿದೆ.
ಆ ಖಾನೆದಾಗ ಅವರು ಒಂದು ಗೆರಿ ಎಳದರು,
ಸ್ಕೇಲ್ ಇಟ್ಟು, ನೆಟ್ಟಗ.

ಇದು ತವರಲ್ಲ.
ತವರಾಗಿದ್ದರ ಗೋಡಿಗೆ ವೇಳಾಪಟ್ಟಿ ಅಂಟಿಸಿರತಿದ್ದಿಲ್ಲ,
ಅಳ್ವಿ ಪಾಯಸಕ್ಕ ಸಹಿ ಕೇಳತಿದ್ದಿಲ್ಲ.
ಆದರ ಪಾಯಸ ಬರತಿತ್ತು, ದಿನಾ,
ಒಮ್ಮೊಮ್ಮೆ ತಳ ಹತ್ತಿದ್ದು.

ರಾತ್ರಿ ಪಾಳಿಗೆ ಸಕೀನಾ ಸಿಸ್ಟರ್,
ಬಾಗಲಕಡಿ ಕುರ್ಚಿ, ತೊಡಿಮ್ಯಾಲ ಹಸಿರು ಬುಕ್ಕು.
‘ಎರಡು ಹತ್ತು. ಕೂಸು ಅತ್ತಿತು. ತಾಯಿ ಏಳಲಿಲ್ಲ.’
ಎಚ್ಚರಿದ್ದೆ ನಾನು.
ಕಣ್ಣು ಮುಚ್ಚಿಕೊಂಡು ಎಚ್ಚರಿದ್ದೆ.
ಆ ಅಳು ಪಕ್ಕದ ಮನ್ಯಾಗ ಕುಕ್ಕರ್ ಕೂಗಿದಂಗ ಕೇಳತಿತ್ತು,
ಅವರ ಒಲಿ, ಅವರು ಆರಿಸಲಿ ಅನ್ನೂಹಂಗ.
ಇದನ್ನ ಯಾವ ಖಾನೆದಾಗ ಬರಸೂದು?

ಯಾರೂ ಬೈಲಿಲ್ಲ. ಬೈದಿದ್ದರ ಹಗುರ ಆಗತಿತ್ತು.
ಪದ್ಮಿನಿಬಾಯಿ ಕಾಲು ಚಾಚಿ ಕುಂತು
ಕೂಸಿನ್ನ ಬೋರಲ ಮಲಗಿಸಿಕೊಂಡು ಅಂದರು:
‘ನೀರಿನ ಬಿಸಿ ಅಂಗೈಗೆ ಕೇಳಬ್ಯಾಡ.
ರೊಟ್ಟಿ ಬಡಿದ ಕೈ ಅದು, ಸುಳ್ಳು ಹೇಳತದ.
ಮೊಣಕೈಗೆ ಕೇಳು.’
ನಾ ಮೊಣಕೈ ಅದ್ದಿದೆ.
ಬದುಕಿನಾಗ ಮೊದಲ ಸಲ
ನನ್ನ ಮೈಯ ಒಂದು ಭಾಗದ ಮಾತು ಯಾರೋ ನಂಬಿದ್ದರು.

ಸೋನಿಬಾಯಿಯ ಕೂಸು ಸಮಿತಿ ಮುಂದ ಹೋದದ್ದು ತಿರುಗಿ ಬರಲಿಲ್ಲ.
ಅದರ ಕುಂಚಿಗಿ ಮೂರು ದಿನ ಹಗ್ಗದ ಮ್ಯಾಲೇ ಇತ್ತು,
ಕೆಂಪು, ಕನ್ನಡಿ ಹಚ್ಚಿದ್ದು,
ಬಿಸಿಲಿಗೆ ಗೋಡಿ ತುಂಬ ಚುಕ್ಕಿ ಚೆಲ್ಲತಿತ್ತು.
ನಾವೆಲ್ಲ ಅದರ ಬಾಜೂಕ ನಮ್ಮ ಅರಿವಿ ಒಣಹಾಕಿದೆವು.
ಯಾರೂ ಅದನ್ನ ಮುಟ್ಟಲಿಲ್ಲ.

ಚೈತ್ರದ ಒಂದು ರಾತ್ರಿ ಕರೆಂಟ್ ಹೋಯಿತು.
ಫ್ಯಾನ್ ನಿಂತಿತು, ಗಿರಣಿ ನಿಂತಿತು.
ಆವಾಗಲೇ ಗೊತ್ತಾತು ನನಗ,
ಈ ಕೂಸು ಇಷ್ಟು ದಿನ
ತೊಗರಿ ಒಡಿಯೂ ಸಪ್ಪಳದ ಮ್ಯಾಲ ಮಲಗತಿತ್ತು.
ಸಪ್ಪಳ ಹೋತು, ನಿದ್ದಿ ಹೋತು,
ಚೀರಿತು ನೋಡ್ರಿ, ಬೇವಿನ ಗಿಡದ ಕಾಗಿ ಎದ್ದವು.

ನನಗ ಜೋಗುಳ ಬರೂದಿಲ್ಲ.
ಹಾಡಿದವರು ಯಾರೂ ಇದ್ದಿಲ್ಲ.
ಎದಿಗೆ ಅವಚಿಕೊಂಡು, ಗಂಟಲದ ತಳದಿಂದ,
ಗರ್‌ರ್‌ರ್ ಅಂದೆ.
ಉಸಿರು ತಗೊಂಡು ಮತ್ತ ಗರ್‌ರ್‌ರ್.
ಕಲ್ಲು ತಿರುಗಿಸಿದೆ, ಬೆಲ್ಟ್ ಓಡಿಸಿದೆ, ಜರಡಿ ಅಲ್ಲಾಡಿಸಿದೆ,
ಕತ್ತಲದಾಗ ಬೆವತುಕೋತ ನಿಂತು
ಇಡೀ ಕಪನೂರಿನ ಬ್ಯಾಳಿ ಒಡದೆ.
ಅದರ ಮುಷ್ಟಿ ಒಂದೊಂದೇ ಬೆರಳಾಗಿ ಬಿಚ್ಚಿತು.

ಮರುದಿನ ಹಸಿರು ಬುಕ್ಕು ಇಣುಕಿ ನೋಡಿದೆ.
‘ಎರಡು ನಲವತ್ತು. ಕರೆಂಟ್ ಹೋಯಿತು.
ನಾಕು ಐದು. ಕರೆಂಟ್ ಬಂತು.’
ನಡುವ ಏನೂ ಇಲ್ಲ.
ಸಿಸ್ಟರ್‌ನ್ನ ಕೇಳಿದರ,
‘ಕತ್ತಲದಾಗ ಹೆಂಗ ಬರೀಲಿ ಬೇಟಾ’ ಅಂದರು.
ಕಿಸೆದಾಗ ಅವರ ಟಾರ್ಚು ಉಬ್ಬಿ ಕಾಣತಿತ್ತು.

ಈಗ ಹಗಲು ಅದೇ ಗಿರಣ್ಯಾಗ ಬ್ಯಾಳಿ ಆರಿಸತೀನಿ.
ಶಹಾಬಜಾರದಾಗ ಒಂದು ಖೋಲಿ ನೋಡೀನಿ,
ಅಡ್ವಾನ್ಸಿಗೆ ಇನ್ನೂ ಎರಡು ಸಾವಿರ ಕಮ್ಮಿ.
ಅಲ್ಲಿ ರಾತ್ರಿ ನಾಯಿ ಬಿಟ್ಟರ ಬ್ಯಾರೆ ಸಪ್ಪಳಿಲ್ಲ.

ನಿನ್ನೆ ಸಮಿತಿಯವರು ಕೇಳಿದರು,
ಹೊರಗ ಹೋದ ಮ್ಯಾಲ ರಾತ್ರಿ ಕೂಸು ಅತ್ತರ ಏನ್ ಮಾಡತಿ?
ಉತ್ತರ ಗಂಟಲದಾಗೇ ಇತ್ತು.
ಆದರ ಮೇಜಿನ ಮುಂದ, ಚಹಾ ಬಿಸ್ಕೀಟಿನ ಮುಂದ,
ಗಿರಣಿ ಆಗಿ ತೋರಸೂದು ಹೆಂಗ?
‘ಏಳತೀನ್ರಿ’ ಅಂದೆ.

ಏನೋ ಬರಕೊಂಡರು.
ನಾ ನಿಂತ ಕಡಿಯಿಂದ ಅಕ್ಷರ ತಲಿಕೆಳಗ.
ಕೂಸು ಅವರ ಪೆನ್ನಿಗೆ ಕೈ ಚಾಚಿತು.